ಅವರ ಪದ್ಧತಿ ಹಾಗೆ

ಸ್ಕೂಲು ತೆರೆದು ಇನ್ನೂ ವಾರವಾಗಿರಲಿಲ್ಲ. ಹೊಸ ಪುಸ್ತಕಗಳಿಗೆ ಬೈಂಡು ಹಾಕಿಸುವುದು, ನೆನೆದ ಕೊಡೆಗಳನ್ನು ಎಲ್ಲಿ ಇಡಿಸುವುದು ಎಂಬ ಗಲಾಟೆಯ ನಡುವೆ ಹೆಡ್ ಮೇಡಂ ನನ್ನನ್ನು ಕರೆದು, "ಸೋಮವಾರ ಪ್ರಾರ್ಥನೆ ಆದಮೇಲೆ ಹತ್ತು ನಿಮಿಷ ಹೊಸ ಪೋಪ್ ಬಗ್ಗೆ ಮಕ್ಕಳಿಗೆ ಹೇಳಿಬಿಡಿ. ಸಮಾಜ ಪಾಠ ಮಾಡೋರು ನೀವೇ ತಾನೆ?" ಎಂದರು. ಅದು 2025ರ ಜೂನ್. ಪೋಪ್ ಆಯ್ಕೆಯಾದದ್ದು ಬೇಸಿಗೆ ರಜೆಯಲ್ಲಿ. ನಾನು ಒಪ್ಪಿಕೊಂಡೆ. ರದ್ದಿಯವನು ಬಂದಿರಲಿಲ್ಲವಾದ್ದರಿಂದ ಮೇ ತಿಂಗಳ ಪೇಪರುಗಳೆಲ್ಲ ಮನೆಯಲ್ಲೇ ಇದ್ದವು. ಇದರಲ್ಲೇನು ಮಹಾ ಕಷ್ಟ ಎಂದುಕೊಂಡೆ.

ಭಾನುವಾರ ಕೂತು ಬರೆದುಕೊಂಡೆ. ಏಪ್ರಿಲ್ 21ರಂದು ಪೋಪ್ ಫ್ರಾನ್ಸಿಸ್ ತೀರಿಕೊಂಡರು, ಅವರಿಗೆ 88 ವರ್ಷ. ಮೇ 7ರಂದು 133 ಮಂದಿ ಕಾರ್ಡಿನಲ್‌ಗಳು ವ್ಯಾಟಿಕನ್ನಿನ ಸಿಸ್ಟೀನ್ ಚಾಪೆಲ್ಲಿನೊಳಗೆ ಹೋಗಿ ಬಾಗಿಲು ಹಾಕಿಕೊಂಡರು. ಅವರಲ್ಲಿ ನಾಲ್ವರು ನಮ್ಮ ದೇಶದವರು. 80 ದಾಟಿದವರಿಗೆ ಮತ ಇಲ್ಲ. ಮೂರರಲ್ಲಿ ಎರಡು ಪಾಲು, ಅಂದರೆ 89 ಮತ ಒಬ್ಬರಿಗೇ ಬೀಳಬೇಕು. ಬೀಳದಿದ್ದರೆ ಚೀಟಿ ಸುಟ್ಟು ಕಪ್ಪು ಹೊಗೆ, ಬಿದ್ದರೆ ಬಿಳಿ ಹೊಗೆ. ಮರುದಿನ ಸಂಜೆ ಬಿಳಿ ಹೊಗೆ ಬಂತು. ನಮ್ಮಲ್ಲಿ ಆಗ ರಾತ್ರಿ ಒಂಬತ್ತೂವರೆ ದಾಟಿತ್ತು.

ಆಯ್ಕೆಯಾದವರ ಹೆಸರು ರಾಬರ್ಟ್ ಪ್ರೀವೋಸ್ಟ್. ಹುಟ್ಟಿದ್ದು 1955ರಲ್ಲಿ, ಅಮೆರಿಕದ ಶಿಕಾಗೋದಲ್ಲಿ. ಅಮೆರಿಕದಿಂದ ಪೋಪ್ ಆದವರಲ್ಲಿ ಇವರೇ ಮೊದಲಿಗರು. ಕಾಲೇಜಿನಲ್ಲಿ ಓದಿದ್ದು ಗಣಿತ. ಆದರೆ ಆಯುಷ್ಯದ ಬಹಳಷ್ಟು ವರ್ಷ ದುಡಿದದ್ದು ಪೆರು ದೇಶದಲ್ಲಿ. ಚಿಕ್ಲಾಯೋ ಎಂಬ ಊರಿನ ಬಿಷಪ್ ಆಗಿ ಅಲ್ಲಿಯ ಪೌರತ್ವವನ್ನೂ ಪಡೆದಿದ್ದರು. ಪೋಪ್ ಆದ ಸಂಜೆ ಉಪ್ಪರಿಗೆಯಲ್ಲಿ ನಿಂತು ಇಟಾಲಿಯನ್‌ನಲ್ಲಿ ಮಾತಾಡುತ್ತಿದ್ದವರು ನಡುವೆ ಸ್ಪ್ಯಾನಿಷ್‌ಗೆ ಹೊರಳಿ ಆ ಊರಿನವರನ್ನು ನೆನೆದರು. ತವರಿನ ಇಂಗ್ಲಿಷು ಅವತ್ತು ಅಲ್ಲಿ ಕೇಳಲೇ ಇಲ್ಲ. ಇದು ನನಗೆ ಬಹಳ ಹಿಡಿಸಿತು. ಹುಟ್ಟಿದ ಮನೆಯನ್ನು ಬಿಟ್ಟು ಸೇರಿದ ಮನೆಯನ್ನು ನೆನೆಯುವುದು ನಮಗೆ ಹೆಂಗಸರಿಗೆ ಹೊಸದಲ್ಲವಲ್ಲ!

ಸೋಮವಾರ ಮಕ್ಕಳ ಮುಂದೆ ನಿಂತೆ. "ನಮ್ಮ ಸ್ವಾಮಿಗಳಿಗೆ ಪೂರ್ವಾಶ್ರಮದ ಹೆಸರು ಬೇರೆ ಇರುತ್ತದಲ್ಲ, ಹಾಗೇ ಇವರೂ ಹೆಸರು ಬದಲಿಸಿಕೊಂಡು ಹದಿನಾಲ್ಕನೇ ಲಿಯೋ ಆದರು" ಎಂದೆ. "ಹದಿಮೂರನೇ ಲಿಯೋ 1891ರಲ್ಲಿ ಕಾರ್ಖಾನೆ ಕೂಲಿಗಳ ಪರವಾಗಿ, ಅವರಿಗೆ ನ್ಯಾಯವಾದ ಸಂಬಳ ಸಿಗಬೇಕು, ಅವರು ಸಂಘ ಕಟ್ಟಿಕೊಳ್ಳಬಹುದು ಎಂದು ಪತ್ರ ಬರೆದರು. ಈಗ ಯಂತ್ರಗಳೇ ಬುದ್ಧಿ ಕಲಿತು ಮನುಷ್ಯರ ಕೆಲಸಕ್ಕೆ ಕುತ್ತು ಬರುವ ಕಾಲ. ಅದಕ್ಕೇ ಆ ಹೆಸರನ್ನು ಇಟ್ಟುಕೊಂಡೆ ಎಂದು ಈ ಲಿಯೋ ಹೇಳಿದ್ದಾರೆ." ಇನ್ನೊಂದು ಮಾತನ್ನೂ ಸೇರಿಸಿದೆ. ಆ ಹದಿಮೂರನೇ ಲಿಯೋ 1878ರಲ್ಲಿ ಮಂಗಳೂರಿನ ಕೆಲಸವನ್ನು ಇಟಲಿಯ ಜೆಸ್ವಿಟ್ ಪಾದ್ರಿಗಳಿಗೆ ಒಪ್ಪಿಸಿದ್ದರಿಂದಲೇ ಎರಡು ವರ್ಷಕ್ಕೆ ಅಲ್ಲಿ ಸಂತ ಅಲೋಶಿಯಸ್ ಕಾಲೇಜು ಶುರುವಾಯಿತು. ಅಲ್ಲಿ ಓದಿದ ನಮ್ಮ ಗಣಿತದ ಮೇಷ್ಟ್ರು ಹೆಮ್ಮೆಯಿಂದ ತಲೆಯಾಡಿಸಿದರು.

ಎಲ್ಲ ಚೆನ್ನಾಗಿಯೇ ಇತ್ತು. ಆದರೆ ಮಕ್ಕಳು ಆಕಳಿಸುತ್ತಿರುವುದು ಕಂಡು ಸ್ವಲ್ಪ ನಗಿಸೋಣ ಎನ್ನಿಸಿತು. "ನಿಮ್ಮಜ್ಜಿ ಹಂಡೆ ಒಲೆಗೆ ಹಸಿ ಸೌದೆ ಹಾಕಿದರೆ ಬರುತ್ತದಲ್ಲ ಹೊಗೆ, ಅದನ್ನು ನೋಡಿ ಅಲ್ಲಿ ಲಕ್ಷಾಂತರ ಜನ ಕೈಚಪ್ಪಾಳೆ ತಟ್ಟುತ್ತಾರೆ" ಎಂದುಬಿಟ್ಟೆ. ಇಡೀ ಸ್ಕೂಲು ನಕ್ಕಿತು. ನಗದೆ ಇದ್ದವಳು ಒಬ್ಬಳೇ, ಏಳನೇ ಕ್ಲಾಸಿನ ಕ್ರಿಶ್ಚಿಯನ್ ಹುಡುಗಿ. ಆ ತರಗತಿಯಲ್ಲಿ ಅವಳೊಬ್ಬಳೇ. ತಲೆ ತಗ್ಗಿಸಿ ಜಡೆಯ ರಿಬ್ಬನ್ನನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು.

ಮಧ್ಯಾಹ್ನ ಅದೇ ಕ್ಲಾಸಿಗೆ ಹೋದಾಗ ಪ್ರಶ್ನೆಗಳು ಶುರುವಾದವು. "ಪೋಪ್‌ಗೆ ಮರಿಸ್ವಾಮಿ ಇರಲ್ವಾ ಮಿಸ್?" ಇಲ್ಲ, ತನ್ನ ನಂತರ ಇಂಥವರೇ ಎಂದು ಪೋಪ್ ಹೇಳುವ ಹಾಗಿಲ್ಲ. "ಅವರು ದೇವರಾ ಮಿಸ್? ತಪ್ಪೇ ಮಾಡಲ್ವಾ?" ಇದಕ್ಕೆ ನನ್ನ ಹತ್ತಿರ ಒಳ್ಳೆಯ ಉತ್ತರವಿತ್ತು. 2014ರಲ್ಲಿ ಪೋಪ್ ಫ್ರಾನ್ಸಿಸ್ ಎಲ್ಲರೆದುರಿಗೇ ಒಬ್ಬ ಸಾಮಾನ್ಯ ಪಾದ್ರಿಯ ಮುಂದೆ ಮೊಣಕಾಲೂರಿ ತಪ್ಪೊಪ್ಪಿಕೊಂಡದ್ದನ್ನು ಹೇಳಿದೆ. ಧರ್ಮದ ವಿಷಯವಾಗಿ ಆ ಪೀಠದಿಂದ ವಿಧಿವತ್ತಾಗಿ ಸಾರಿದ ಮಾತಿಗೆ ಮಾತ್ರ ತಪ್ಪಿಲ್ಲ ಎಂಬುದು ಅವರ ನಂಬಿಕೆ, ಮನುಷ್ಯನಾಗಿ ಪೋಪ್ ತಪ್ಪು ಮಾಡಬಲ್ಲರು, ಮಾಡಿದ್ದಾರೆ ಎಂದೆ. ಆಗ ಕಿಟಕಿ ಪಕ್ಕದ ಒಬ್ಬ ಹುಡುಗಿ, ಬಾಯಿ ಜೋರಿನವಳು, ಎದ್ದು ನಿಂತಳು.

"ಮಿಸ್, 133 ಜನದಲ್ಲಿ ಹೆಂಗಸರು ಎಷ್ಟು?"

"ಯಾರೂ ಇಲ್ಲ."

"ಯಾಕೆ?"

"ಅವರ ಪದ್ಧತಿ ಹಾಗೆ" ಎಂದೆ. ಗಂಟೆ ಹೊಡೆಯಿತು, ಪುಣ್ಯಕ್ಕೆ.

ಪುಣ್ಯಕ್ಕೆ ಎಂದು ಆ ಹೊತ್ತಿಗೆ ಅನ್ನಿಸಿತು, ನಿಜ. ಮನೆಗೆ ಬಂದು ಕುಕ್ಕರ್ ಇಡುವಾಗ ಆ ಮಾತು ಗಂಟಲಲ್ಲಿ ಮುಳ್ಳಾಯಿತು. ಯಾಕೆಂದರೆ ಅದು ನನ್ನ ಮಾತೇ ಅಲ್ಲ, ನಮ್ಮತ್ತೆಯವರದು. ನಮ್ಮ ಮನೆಯಲ್ಲಿ ವರ್ಷಕ್ಕೊಮ್ಮೆ ಮಾವನವರ ತಿಥಿ. ಬೆಳಗಿನ ಜಾವ ನಾಲ್ಕಕ್ಕೆ ಎದ್ದು, ತಲೆಗೆ ನೀರು ಹಾಕಿಕೊಂಡು, ಮಡಿಯಲ್ಲಿ ಒಲೆ ಮುಂದೆ ನಿಲ್ಲುವವಳು ನಾನು. ವಡೆಗೆ ರುಬ್ಬುವುದರಿಂದ ಹಿಡಿದು ಬಾಳೆಲೆ ಒರೆಸುವವರೆಗೂ ಕೈಬಿಡುವಿಲ್ಲ. ಮಾವನವರನ್ನು ಕೊನೆಯ ಎರಡು ವರ್ಷ ನೋಡಿಕೊಂಡವಳೂ ನಾನೇ. ಆದರೆ ಪಿಂಡ ಇಡುವ ಜಾಗಕ್ಕೆ ನನ್ನ ನೆರಳೂ ಬೀಳಬಾರದು. ಒಂದು ವರ್ಷ ನನ್ನ ಮಗಳು ಅಜ್ಜಿಯನ್ನು "ಅಮ್ಮ ಯಾಕೆ ಕೂರಬಾರದು?" ಎಂದು ಕೇಳಿದಳು. "ನಮ್ಮ ಪದ್ಧತಿ ಹಾಗೆ" ಎಂದರು ಅತ್ತೆ. ನನಗೆ ಬಂದ ಸಿಟ್ಟನ್ನು ಪಾತ್ರೆಗಳ ಮೇಲೆ ತೀರಿಸಿಕೊಂಡಿದ್ದೆ. ಅದೇ ಉತ್ತರವನ್ನು ಈಗ ಒಂದು ಹುಡುಗಿಗೆ ಕೊಟ್ಟು, ಅದಕ್ಕೆ ಗೌರವ ಎಂದು ಹೆಸರಿಟ್ಟು ಮನೆಗೆ ಬಂದಿದ್ದೆ.

ಬೇರೆ ಧರ್ಮದವರ ವಿಷಯ ಬಂದಾಗ ನಾವು ಬಲು ಬೇಗ ಸೌಜನ್ಯವಂತರಾಗುತ್ತೇವೆ. ಒಳಗೆ ಬೇರೆಯದೇ ಅಂದುಕೊಂಡು ಹೊರಗೆ "ಅವರವರ ಪದ್ಧತಿ" ಎನ್ನುತ್ತೇವೆ. ಅವರನ್ನು ನಮ್ಮಷ್ಟೇ ಯೋಚಿಸಬಲ್ಲವರು ಎಂದು ಎಣಿಸಿದ್ದರೆ, ಅವರ ಮನೆಯೊಳಗೂ ಈ ಪ್ರಶ್ನೆ ಎದ್ದಿರಬೇಕಲ್ಲ ಎಂದು ನನಗೆ ಹೊಳೆಯಬೇಕಿತ್ತು. ಹಾಗೆಂದು ಕಟುವಾಗಿ ಹೇಳಿಬಿಡಲೇ? ಇಪ್ಪತ್ತೆಂಟು ಮಕ್ಕಳ ನಡುವೆ ಆ ಒಬ್ಬಳೇ ಹುಡುಗಿ ರೋಮ್‌ನವರು ಮಾಡಿದ ನಿಯಮಕ್ಕೆಲ್ಲ ತಲೆ ಕೊಡಬೇಕಾಗುತ್ತದೆ. ನಾನು ತಿಥಿ ಮನೆಯ ಮಾತನ್ನು ಹೊರಗೆ ಆಡಿದರೆ ಅದು ನಮ್ಮ ಮನೆ ಜಗಳ. ಅವಳ ಧರ್ಮದ ಬಗ್ಗೆ ಆಡಿದರೆ ಬಹಳ ಜನ ಸೇರಿ ಒಬ್ಬಳ ಮೇಲೆ ಹೋದ ಹಾಗೆ. ಎರಡೂ ಸತ್ಯವೇ ಆದರೂ ತೂಕ ಒಂದೇ ಅಲ್ಲ. ಹೊಗೆಯ ಹಾಸ್ಯದಲ್ಲಿ ನಾನು ಎಡವಿದ್ದು ಇಲ್ಲೇ. ಅದನ್ನೇ ಒಂದು ಇಗರ್ಜಿಯಲ್ಲಿ ಅವರವರೇ ಹೇಳಿಕೊಂಡು ನಕ್ಕಿದ್ದರೆ ಯಾರಿಗೂ ನೋವಿರಲಿಲ್ಲ.

ಆ ರಾತ್ರಿ ಮತ್ತೆ ಪೇಪರುಗಳನ್ನು ಹರಡಿಕೊಂಡೆ. "ಈಗ ಇನ್ನೇನು, ಪೋಪ್ ಆಗ್ತೀಯಾ?" ಎಂದು ನಮ್ಮವರು ಕೇಳಿದರು. "ಆಗೋ ಹಾಗಿಲ್ಲ, ಅದೇ ಕಥೆ" ಎಂದೆ.

ಮಾರನೆಯ ದಿನ ಕ್ಲಾಸಿನಲ್ಲಿ ಮೊದಲು ನಮ್ಮ ಮನೆಯ ತಿಥಿಯ ಸಂಗತಿಯನ್ನೇ ಹೇಳಿದೆ. ಆಮೇಲೆ ವ್ಯಾಟಿಕನ್. ಕಾರ್ಡಿನಲ್ ಆಗಲು ಮೊದಲು ಪಾದ್ರಿಯಾಗಬೇಕು, ಪಾದ್ರಿಯಾಗಲು ಗಂಡಸಾಗಬೇಕು. ಏಸು ಆರಿಸಿಕೊಂಡ ಹನ್ನೆರಡು ಶಿಷ್ಯರೂ ಗಂಡಸರು, ಅದನ್ನು ಬದಲಿಸುವ ಅಧಿಕಾರ ನಮಗಿಲ್ಲ ಎಂದು 1994ರಲ್ಲಿ ಎರಡನೇ ಜಾನ್ ಪಾಲ್ ಬರೆದರು. ಒಪ್ಪಿದವರು ಇದ್ದಾರೆ, ಒಪ್ಪದೆ ಒಳಗಿದ್ದೇ ವಾದಿಸುವ ಕ್ಯಾಥೋಲಿಕ್ ಹೆಂಗಸರೂ ಇದ್ದಾರೆ. ಕಾರ್ಡಿನಲ್‌ಗಳ ಕೈಗೆ ಈ ಆಯ್ಕೆ ಬಂದದ್ದೇ 1059ರ ಒಂದು ಆಜ್ಞೆಯಿಂದ. ಅದಕ್ಕೂ ಹಿಂದೆ ರೋಮಿನ ಪಾದ್ರಿಗಳೂ ಜನರೂ ಸೇರಿ ಆರಿಸುತ್ತಿದ್ದ ಕಾಲವಿತ್ತು. 2023ರಲ್ಲಿ ವ್ಯಾಟಿಕನ್ನಿನ ಸಿನಡ್ ಎಂಬ ದೊಡ್ಡ ಸಭೆಯಲ್ಲಿ ಮೊದಲ ಸಲ ಹೆಂಗಸರೂ ಮತ ಹಾಕಿದರು. 2025ರ ಜನವರಿಯಲ್ಲಿ ಸಿಮೋನಾ ಬ್ರಾಂಬಿಲ್ಲಾ ಎಂಬ ಸಿಸ್ಟರ್ ಅಲ್ಲಿಯ ಒಂದು ದೊಡ್ಡ ಇಲಾಖೆಗೇ ಮುಖ್ಯಸ್ಥೆಯಾದರು. ಮತದಾನದ ದಿನಗಳಲ್ಲಿ ಕಾರ್ಡಿನಲ್‌ಗಳಿಗೆ ಅಡಿಗೆ ಮಾಡಿ ಬಡಿಸುವವರೂ ಗುಟ್ಟು ಬಿಡುವುದಿಲ್ಲ ಎಂದು ಪ್ರಮಾಣ ಮಾಡಬೇಕು ಎಂದಾಗ, ಬಾಯಿ ಜೋರಿನವಳು "ಪ್ರಮಾಣ ಇದೆ, ಓಟಿಲ್ಲ" ಎಂದಳು. ನಾನು ಅದಕ್ಕೆ ಏನನ್ನೂ ಸೇರಿಸಲಿಲ್ಲ.

"ನಿನ್ನೆ ಹೊಗೆಯ ಬಗ್ಗೆ ನಾನು ಆಡಿದ ಮಾತು ಸರಿ ಇರಲಿಲ್ಲ" ಎಂದೂ ಹೇಳಿದೆ. ಯಾರ ಕಡೆಗೂ ನೋಡದೆ ಹೇಳಿದೆ. ನೋಡಿದ್ದರೆ ಎಲ್ಲರೂ ಅವಳತ್ತ ತಿರುಗುತ್ತಿದ್ದರು.

ಸಂಜೆ ಸ್ಟಾಫ್ ರೂಮಿನ ಬಾಗಿಲ ಹತ್ತಿರ ಬ್ಯಾಗು ಬೆನ್ನಿಗೇರಿಸಿಕೊಂಡು ಅವಳು ನಿಂತಿದ್ದಳು.

"ಮಿಸ್, ನೀವು ಒಂದು ಹೇಳೋದು ಮರೆತ್ರಿ."

"ಏನಮ್ಮಾ?"

"ಅವರ ಅಮ್ಮ ಲೈಬ್ರೇರಿಯನ್ ಆಗಿದ್ರಂತೆ. ನಮ್ಮ ಚರ್ಚಲ್ಲಿ ಫಾದರ್ ಹೇಳಿದ್ರು."

ಮಳೆ ನಿಂತಿತ್ತು. ಕೊಡೆಯನ್ನು ಸ್ಕೂಲಲ್ಲೇ ಬಿಟ್ಟು ಓಡಿದಳು. ನಾನೇ ಎತ್ತಿ ಬೀರುವಿನ ಪಕ್ಕ ನಿಲ್ಲಿಸಿ ಬಂದೆ.