ಘಟಸರ್ಪದ ಕಥೆ ಸುಳ್ಳೇ?



ಒಂದು ಭಾನುವಾರ ಕನ್ನಡ ಪೂಜೆ ಮುಗಿದ ಮೇಲೆ ಗುಮ್ಮಳಾಪುರದ ಕಡೆಯ ತಾಯಿಯೊಬ್ಬರು ನಮ್ಮ ಬಳಿ ಬಂದು, "ಮಗಳು ಸ್ಕೂಲಿಂದ ಒಂದು ಇಂಗ್ಲಿಷ್ ಕಥೆಪುಸ್ತಕ ತಂದವ್ಳೆ. ಅದರಲ್ಲಿ ಮಾಟಗಾತಿ ಅವ್ಳೆ, ಬೆಂಕಿ ಉಗುಳೋ ಘಟಸರ್ಪ ಐತೆ. ಜಪಸರ ಹೇಳೋ ಮಗು ಇಂಥದ್ದನ್ನ ಓದಬೋದಾ? ಸುಳ್ಳನ್ನ ಓದೋದು ಪಾಪ ಅಲ್ವಾ?" ಎಂದು ಕೇಳಿದರು. ಆಗ ಏನೋ ಒಂದು ಸಮಾಧಾನ ಹೇಳಿ ಕಳಿಸಿದೆವು. ಆದರೆ ಪ್ರಶ್ನೆ ನಮ್ಮನ್ನು ಬಿಡಲಿಲ್ಲ. ಆ ತಾಯಿಗೆ ಸರಿಯಾದ ಉತ್ತರ ಕೊಡುವ ಪ್ರಯತ್ನ ಇದು.

ಆ ಪುಸ್ತಕ 'ರೋವನ್ ಆಫ್ ರಿನ್', 1993ರಲ್ಲಿ ಪ್ರಕಟವಾದದ್ದು. ಬರೆದವರು ಆಸ್ಟ್ರೇಲಿಯದ ಎಮಿಲಿ ರೊಡ್ಡ. ಅವರ ನಿಜವಾದ ಹೆಸರು ಜೆನಿಫರ್ ರೋವ್. 1948ರಲ್ಲಿ ಹುಟ್ಟಿದ ಅವರು ಮಕ್ಕಳಿಗಾಗಿ ಬರೆಯುವಾಗ ತಮ್ಮ ಅಜ್ಜಿಯ ಹೆಸರನ್ನು ಇಟ್ಟುಕೊಂಡರು. ಏಳು ರತ್ನಗಳನ್ನು ಹುಡುಕಿ ಹೊರಡುವ ಅವರ 'ಡೆಲ್ಟೋರಾ ಕ್ವೆಸ್ಟ್' ಮಾಲೆಯನ್ನು ಅನೇಕ ದೇಶಗಳ ಮಕ್ಕಳು ಓದಿದ್ದಾರೆ.

ರೋವನ್ ದನಗಳಂಥ ಸಾಧುಪ್ರಾಣಿಗಳನ್ನು ಮೇಯಿಸುವ ಹುಡುಗ. ಧೈರ್ಯಶಾಲಿಗಳ ಊರಿನಲ್ಲಿ ಅವನೊಬ್ಬನೇ ಅಂಜುಬುರುಕ. ಬೆಟ್ಟದಿಂದ ಇಳಿಯುವ ಹಳ್ಳ ಒಂದು ದಿನ ಬತ್ತಿಹೋಗುತ್ತದೆ. ಕಾರಣ ಹುಡುಕಿ ಊರಿನ ಆರು ಮಂದಿ ಗಟ್ಟಿಗರು ಬೆಟ್ಟ ಹತ್ತುತ್ತಾರೆ. ದಾರಿಯ ನಕ್ಷೆ ಈ ಹುಡುಗ ಹಿಡಿದರೆ ಮಾತ್ರ ಕಾಣುವುದರಿಂದ ಅವನನ್ನೂ ಕರೆದೊಯ್ಯಬೇಕಾಗುತ್ತದೆ. ಗಟ್ಟಿಗರಲ್ಲಿ ಒಬ್ಬೊಬ್ಬರನ್ನೂ ಅವರವರು ಮುಚ್ಚಿಟ್ಟುಕೊಂಡಿದ್ದ ಭಯವೇ ದಾರಿಯಲ್ಲಿ ತಡೆಯುತ್ತದೆ. ಮೊದಲಿಂದಲೂ ಹೆದರಿಕೊಂಡೇ ನಡೆದ ಹುಡುಗ ಮಾತ್ರ ತನ್ನ ದನಗಳ ಬಾಯಾರಿಕೆಯನ್ನು ನೆನೆದು ನಡೆಯುತ್ತಲೇ ಇರುತ್ತಾನೆ. ತುದಿಯಲ್ಲಿ ಅವನು ಘಟಸರ್ಪವನ್ನು ಕೊಲ್ಲುವುದಿಲ್ಲ. ಅದರ ಬಾಯಲ್ಲಿ ಮೂಳೆಯೊಂದು ಸಿಕ್ಕಿಕೊಂಡಿದೆ, ಅದಕ್ಕೇ ಅದು ಬೆಂಕಿ ಉಗುಳಲಾರದು, ಬೆಂಕಿಯಿಲ್ಲದೆ ಹಿಮ ಕರಗದು, ಹಿಮ ಕರಗದೆ ಹಳ್ಳ ಹರಿಯದು. ಹುಡುಗ ಆ ಮೂಳೆಯನ್ನು ಕಿತ್ತು ತೆಗೆಯುತ್ತಾನೆ. ಸಿಂಹದ ಪಾದದಿಂದ ಮುಳ್ಳು ತೆಗೆದ ಸಂತ ಜೆರೋಮರ ಕಥೆ ನಮ್ಮ ಹಿರಿಯರಿಗೆ ಇಲ್ಲಿ ನೆನಪಾಗದಿರದು.

ಹಾಗೆಂದು ಆ ತಾಯಿಯ ಆತಂಕ ಹುರುಳಿಲ್ಲದ್ದಲ್ಲ. ಮಾಟಮಂತ್ರ, ಭವಿಷ್ಯ ಕೇಳುವುದು ದೇವರ ಮೇಲಿನ ಭರವಸೆಗೆ ವಿರುದ್ಧ ಎಂದು ಧರ್ಮಸಭೆ ಸ್ಪಷ್ಟವಾಗಿ ಬೋಧಿಸುತ್ತದೆ. ಇನ್ನು ಸಂತ ಅಗಸ್ಟೀನರು ತಮ್ಮ 'ಅರಿಕೆಗಳು' ಗ್ರಂಥದಲ್ಲಿ, ಬಾಲ್ಯದಲ್ಲಿ ಕಾವ್ಯದ ರಾಣಿ ದೀದೋಳ ಸಾವಿಗಾಗಿ ಅತ್ತ ತಾವು ದೇವರಿಂದ ದೂರವಾಗಿದ್ದ ತಮ್ಮ ಆತ್ಮಕ್ಕಾಗಿ ಅಳಲಿಲ್ಲವೆಂದು ಪಶ್ಚಾತ್ತಾಪ ಪಡುತ್ತಾರೆ. ಕಥೆಗಾಗಿ ಸುರಿಸುವ ಕಣ್ಣೀರು ಅಗ್ಗ. ಪುಸ್ತಕದ ಅನಾಥನಿಗಾಗಿ ಅತ್ತು, ಪಕ್ಕದ ಮನೆಯ ಅನಾಥನನ್ನು ಅಂಗಳದಿಂದ ಓಡಿಸುವವರೂ ಇದ್ದಾರೆ.

ಆದರೆ ಅದೇ ಅಗಸ್ಟೀನರು ಇನ್ನೊಂದು ಕಡೆ, ಕಲ್ಪಿಸಿ ಹೇಳಿದ್ದೆಲ್ಲ ಸುಳ್ಳಲ್ಲ ಎನ್ನುತ್ತಾರೆ. ಯಾವ ಅರ್ಥವನ್ನೂ ಸೂಚಿಸದ ಕಲ್ಪನೆ ಸುಳ್ಳು, ಅರ್ಥವೊಂದನ್ನು ತೋರಿಸುವ ಕಲ್ಪನೆ ಸತ್ಯದ ರೂಪಕ ಎಂಬುದು ಅವರ ವಿವೇಚನೆ. ಪವಿತ್ರ ಗ್ರಂಥವನ್ನೇ ನೋಡೋಣ. ನ್ಯಾಯಸ್ಥಾಪಕರ ಗ್ರಂಥದ ಒಂಬತ್ತನೆಯ ಅಧ್ಯಾಯದಲ್ಲಿ ಯೋತಾಮನು, ಮರಗಳೆಲ್ಲ ಸೇರಿ ತಮಗೊಬ್ಬ ಅರಸನನ್ನು ಆರಿಸಿಕೊಳ್ಳಲು ಹೊರಟ ಕಥೆ ಹೇಳುತ್ತಾನೆ. ಓಲಿವ್ ಮರ, ಅಂಜೂರ, ದ್ರಾಕ್ಷಿ ಒಲ್ಲೆನೆಂದ ಮೇಲೆ ಮುಳ್ಳಿನ ಪೊದೆ ಅರಸನಾಗಲು ಒಪ್ಪುತ್ತದೆ. ಮರಗಳು ಮಾತಾಡುತ್ತವೆಯೇ ಎಂದು ಯಾರೂ ಅವನನ್ನು ಕೇಳಲಿಲ್ಲ. ದಾವೀದ ಅರಸ ಊರೀಯನ ಹೆಂಡತಿಯನ್ನು ತೆಗೆದುಕೊಂಡು ಊರೀಯನನ್ನು ಕೊಲ್ಲಿಸಿದಾಗ ಪ್ರವಾದಿ ನಾತಾನ ಮೊದಲು ನೇರವಾಗಿ ಆಪಾದಿಸಲಿಲ್ಲ. ಬಡವನ ಒಂದೇ ಕುರಿಮರಿಯನ್ನು ಕಸಿದುಕೊಂಡ ಸಿರಿವಂತನ ಕಥೆ ಹೇಳಿದ. ಅಂಥ ಬಡವನೂ ಇರಲಿಲ್ಲ, ಆ ಕುರಿಮರಿಯೂ ಇರಲಿಲ್ಲ. ಆದರೆ ದಾವೀದನ ಕೋಪ ನಿಜವಾಗಿತ್ತು, ಆ ಕೋಪ ತನ್ನ ಮೇಲೆಯೇ ತಿರುಗಿದಾಗ ಅವನ ಪಶ್ಚಾತ್ತಾಪವೂ ನಿಜವಾಯಿತು. ದುಂದುಗಾರ ಮಗನ ಸಾಮತಿ ಹೇಳಿದ ಯೇಸುಸ್ವಾಮಿಯನ್ನು ಆ ಮಗನ ಊರು ಯಾವುದೆಂದು ನಾವು ಇಂದಿಗೂ ಕೇಳುವುದಿಲ್ಲ, ಅವನಲ್ಲಿ ನಮ್ಮನ್ನೇ ಕಾಣುತ್ತೇವೆ.

ನಮ್ಮ ಗುಮ್ಮಳಾಪುರವೇ ಇದಕ್ಕೆ ಇನ್ನೊಂದು ಸಾಕ್ಷಿ. ಹನ್ನೆರಡನೆಯ ಶತಮಾನದ ಶರಣರ ವಚನಗಳನ್ನು ಸಂವಾದದ ರೂಪದಲ್ಲಿ ಜೋಡಿಸಿದ 'ಶೂನ್ಯಸಂಪಾದನೆ'ಯನ್ನು ನಾಲ್ವರು ಸಂಪಾದಿಸಿದ್ದಾರೆ. ಅವರಲ್ಲಿ ಒಬ್ಬರು ಗುಮ್ಮಳಾಪುರದ ಸಿದ್ಧಲಿಂಗ ಯತಿಗಳು. ಶರಣರು ಹೋಗಿ ಶತಮಾನಗಳಾದ ಮೇಲೆ ಅವರನ್ನು ಎದುರುಬದುರು ಕೂರಿಸಿ ಮಾತಾಡಿಸಿದ ಗ್ರಂಥ ಅದು. ನಮ್ಮ ನೆರೆಯವರಾದ ವೀರಶೈವರು ಅದನ್ನು ಸುಳ್ಳೆನ್ನುವುದಿಲ್ಲ, ಅನುಭಾವದ ಸತ್ಯವೆಂದು ಗೌರವಿಸುತ್ತಾರೆ.

ಹಾಗಾದರೆ ಸುಳ್ಳು ಯಾವುದು? ನಿಜವಲ್ಲದ್ದನ್ನು ನಿಜವೆಂದು ನಂಬಿಸುವುದು ಸುಳ್ಳು. ಕಥೆ ತಾನು ಕಥೆಯೆಂದು ಮೊದಲೇ ಹೇಳಿಕೊಳ್ಳುತ್ತದೆ, ಅದನ್ನು ಕೇಳುವ ಮಗುವಿಗೂ ಅದು ಗೊತ್ತು. ಇಲ್ಲಿ ನಾವು ದೊಡ್ಡವರು ನಮ್ಮನ್ನೇ ಕೇಳಿಕೊಳ್ಳಬೇಕು. ಇಂಥ ಸ್ವರೂಪದಿಂದ ರಕ್ತ ಸುರಿಯಿತು, ಈ ಪ್ರಾರ್ಥನೆಯನ್ನು ಹತ್ತು ಜನರಿಗೆ ಕಳಿಸದಿದ್ದರೆ ಕೇಡಾಗುತ್ತದೆ ಎಂಬ ಸಂದೇಶಗಳನ್ನು ವಾಟ್ಸಾಪಿನಲ್ಲಿ ಹಿಂದುಮುಂದು ನೋಡದೆ ಮುಂದೂಡುವವರು ಯಾರು? ಮಗುವಿನ ಕೈಯ ಘಟಸರ್ಪಕ್ಕೆ ಹೆದರುವ ನಾವೇ ಅಲ್ಲವೇ? ಮಗು ಓದಿದ್ದು ಕಥೆ. ನಾವು ಕಳಿಸಿದ್ದು ಮಾತ್ರ ಸುಳ್ಳು, ಅದೂ ದೇವರ ಹೆಸರಿನಲ್ಲಿ.

ಆದ್ದರಿಂದ ಆ ತಾಯಿಗೆ ನಮ್ಮ ಉತ್ತರ ಇದು: ಓದಲಿ ಬಿಡಿ ತಾಯಿ, ಆದರೆ ಒಂಟಿಯಾಗಿ ಬಿಡಬೇಡಿ. ರಾತ್ರಿ ಊಟವಾದ ಮೇಲೆ ಆ ಕಥೆಯನ್ನು ಕನ್ನಡದಲ್ಲಿ ನಿಮಗೆ ಹೇಳಲು ಅವಳಿಗೆ ತಿಳಿಸಿ. ಆಮೇಲೆ ಎರಡೇ ಪ್ರಶ್ನೆ ಕೇಳಿ. ಈ ಕಥೆಯಲ್ಲಿ ಕೆಟ್ಟದ್ದನ್ನು ಕೆಟ್ಟದ್ದೆಂದೇ ತೋರಿಸಿದ್ದಾರೆಯೇ? ಇದನ್ನು ಓದಿದ ಮೇಲೆ ಹೆದರಿದವರನ್ನು, ದುರ್ಬಲರನ್ನು ಕಂಡರೆ ನಿನಗೆ ನಗು ಬರುತ್ತದೆಯೋ, ಮರುಕವೋ? ಮರುಕ ಎಂದರೆ ಪುಸ್ತಕ ತನ್ನ ಕೆಲಸ ಮಾಡಿದೆ.

ಇದರಲ್ಲಿ ಇನ್ನೊಂದು ಲಾಭವೂ ಉಂಟು. ಶಾಲೆಯಲ್ಲಿ ತಮಿಳು, ಇಂಗ್ಲಿಷು ಓದುವ ನಮ್ಮ ಮಕ್ಕಳಿಗೆ ಕನ್ನಡ ಉಳಿದಿರುವುದು ಅಡುಗೆಮನೆಯಲ್ಲಿ ಮತ್ತು ಪ್ರಾರ್ಥನೆಯಲ್ಲಿ ಮಾತ್ರ. ವೈದ್ಯೆಯಾಗಿದ್ದ ಅನುಪಮಾ ನಿರಂಜನರು ಕನ್ನಡದ ಮಕ್ಕಳಿಗೆ ವರ್ಷದ ದಿನದಿನಕ್ಕೂ ಒಂದರಂತೆ, ಹನ್ನೆರಡು ಸಂಪುಟಗಳ 'ದಿನಕ್ಕೊಂದು ಕಥೆ' ಬರೆದುಕೊಟ್ಟಿದ್ದಾರೆ. ದಿನಕ್ಕೊಂದು ಆಗದಿದ್ದರೆ ವಾರಕ್ಕೊಂದಾದರೂ ಸಾಕು. ಕಥೆ ಹೇಳಿಸಿಕೊಳ್ಳದ ಮಗು ದೊಡ್ಡದಾದ ಮೇಲೆ ಸಾಮತಿಯನ್ನೂ ಬರೀ ಸುದ್ದಿಯಂತೆ ಕೇಳಿ ಎದ್ದು ಹೋಗುತ್ತದೆ.

ಸಾಮತಿಗಳಲ್ಲಿ ಮಾತಾಡಿದ ಪ್ರಭು ನಮ್ಮ ಮಕ್ಕಳ ಕಿವಿಗಳನ್ನೂ ನಮ್ಮ ನಾಲಿಗೆಗಳನ್ನೂ ಕಾಯಲಿ.