ತೊಂಬತ್ತು ದಿನಗಳ ಲೆಕ್ಕ

ಅಮೆರಿಕದಲ್ಲಿ ಎಂ.ಎಸ್. ಮುಗಿಸಿದ ತಂಗಿಯ ಮಗ ಫೋನ್ ಮಾಡಿದ್ದ. ಓದಿದ ಮೇಲೆ ಅಲ್ಲಿ ‘ಓಪಿಟಿ’ ಅಂತ 12 ತಿಂಗಳು ದುಡಿಯಲು ಪರವಾನಗಿ. ಆದರೆ ಆ ಅವಧಿಯಲ್ಲಿ ಒಟ್ಟು 90 ದಿನ ಮೀರಿ ಕೆಲಸವಿಲ್ಲದೆ ಇರುವಂತಿಲ್ಲ. ಇವನಿಗೆ 71 ಆಗಿತ್ತು.

“ಮಾಮಾ, ಒಂದು ಕಂಪನಿ ಬರೇ ಹೆಸರಿಗೆ ಕೆಲಸ ತೋರಸ್ತದಂತ. ತಪ್ಪೇನದ?”

ಗೋದಾಮಿನ ಸರಕು ಕಣ್ಣಾರೆ ನೋಡದೆ ಸಹಿ ಹಾಕಿದವನಲ್ಲ ನಾನು. “ಬ್ಯಾಡಪಾ” ಅಂದೆ. ಪಿಂಚಣಿದಾರನಿಗೆ ಹಾಗನ್ನುವುದು ಸುಲಭ. 1983ರಲ್ಲಿ ನಾನು ಧಾರವಾಡದಿಂದ ಬಂದು ಮುಂಬೈಯ ಮಾಟುಂಗದಲ್ಲಿ ಆರು ತಿಂಗಳು ಕೆಲಸವಿಲ್ಲದೆ ಅಲೆದಾಗ ಯಾರೂ ದಿನ ಎಣಿಸಲಿಲ್ಲ. ನಿಯಮ ನಿರ್ದಯವಾದರೆ ಸುಳ್ಳು ಸುಳ್ಳಲ್ಲವೇ? ಆದರೆ ಇಂಥ ಕಾಗದ ಹೆಚ್ಚಿದರೆ, ನಿಜವಾಗಿ ದುಡಿಯುವ ಹುಡುಗರ ಕಾಗದವನ್ನೂ ಯಾರೂ ನಂಬರು.

ಅವನ ಶಿಕ್ಷಣ ಸಾಲಕ್ಕೆ ಜಾಮೀನು ನಾನೇ. “ಸದ್ಯ ಕಂತು ನಾ ಕಟ್ತೇನಿ” ಅಂದೆ. ಆ ಕಡೆ ಬಹಳ ಹೊತ್ತು ಮಾತಿಲ್ಲ.