ಆಲದ ಹಣ್ಣಿನ ಪಾಠ

12 ವರ್ಷ ವೇದಾಧ್ಯಯನ ಮಾಡಿ, 24ನೆಯ ವಯಸ್ಸಿನಲ್ಲಿ ವಿದ್ಯಾಗರ್ವದೊಡನೆ ಮರಳಿದ ಶ್ವೇತಕೇತುವಿಗೆ ತಂದೆ ಉದ್ದಾಲಕನು ಇನ್ನಷ್ಟು ಕಂಠಪಾಠ ಮಾಡಿಸಲಿಲ್ಲವೆಂಬುದನ್ನು ಛಾಂದೋಗ್ಯೋಪನಿಷತ್ತಿನಲ್ಲಿ ಕಾಣುತ್ತೇವೆ. ಆಲದ ಹಣ್ಣನ್ನು ತರಿಸಿದನು, ಒಡೆಸಿದನು, ಅಣುಪ್ರಾಯವಾದ ಬೀಜವನ್ನೂ ಸೀಳಿಸಿದನು. ಏನೂ ಕಾಣದೆಂದ ಮಗನಿಗೆ, ಆ ಕಾಣದ ಸೂಕ್ಷ್ಮದಿಂದಲೇ ಈ ಮಹಾವೃಕ್ಷ ನಿಂತಿದೆಯೆಂದನು. ಹಣ್ಣು ಬೆರಳಿಗೆ ಅಂಟದಿದ್ದರೆ ಅದೂ ಹದಿಮೂರನೆಯ ವರ್ಷದ ಮತ್ತೊಂದು ಪಾಠವಾಗುತ್ತಿತ್ತು, ಅಷ್ಟೆ. ಹಾಗೆ ಕಲಿಸುವ ಅಧಿಕಾರವೂ ಅವನಿಗಿತ್ತು. ಬಾಲ್ಯದಲ್ಲಿ ಗುರು ಧೌಮ್ಯರ ಗದ್ದೆಯ ಒಡೆದ ಬದುವಿಗೆ ಅಡ್ಡ ಮಲಗಿ ನೀರು ತಡೆದ ಆರುಣಿ ಇವನೇ ಎಂದು ಪ್ರತೀತಿ.

ನಮ್ಮ ಮಕ್ಕಳು ಅಶ್ವತ್ಥ, ಔದುಂಬರ, ಶಮೀ ಎಂದು ಶುದ್ಧವಾಗಿ ಉಚ್ಚರಿಸುತ್ತಾರೆ. ಮರವನ್ನು ತೋರಿಸೆಂದರೆ ತಡವರಿಸುತ್ತಾರೆ. ಸಮಿತ್ತು ಅಂಗಡಿಯ ಕಟ್ಟಿನಲ್ಲಿ ಬರುವಾಗ ಅವರ ತಪ್ಪೇನು? ಉಚ್ಚಾರಣೆಯನ್ನೇ ಜ್ಞಾನವೆಂದೆಣಿಸಿ ಬಹುಮಾನ ಕೊಡುವವರು ನಾವು. ನಗರಗಳಲ್ಲಿ ಆಲಕ್ಕೇನೂ ಬರವಿಲ್ಲ; ಚೆನ್ನೈಯ ಅಡ್ಯಾರಿನ ಹಿರಿಯ ಮರವು 1989ರಲ್ಲಿ ಮೂಲಕಾಂಡ ಉರುಳಿದ ಮೇಲೂ ಬಿಳಲುಗಳ ಬಲದಿಂದ ನಿಂತಿದೆ. ಹಣ್ಣುದುರುವ ಕಾಲದಲ್ಲಿ ರವಿವಾರದ ಪಾಠವನ್ನು ಮರದಡಿಗೆ ಒಯ್ಯೋಣ. ಹಣ್ಣನ್ನು ಮಕ್ಕಳೇ ಆರಿಸಿ ತರಲಿ.